ಒಂದೇ ಮಣ್ಣಿನ ಎರಡು ಕೊಡ

ನಮ್ಮೂರಿನಲ್ಲಿ ಹನ್ನೆರಡು ವರ್ಷ ದಾಟಿದ ಯಾರ ತಲೆಯೂ ಬರಿದಾಗಿರುವುದಿಲ್ಲ. ಒಬ್ಬೊಬ್ಬರ ತಲೆಯ ಮೇಲೂ ಬಟ್ಟೆ ಸುತ್ತಿದ ಸಿಂಬೆ, ಸಿಂಬೆಯ ಮೇಲೊಂದು ಮಣ್ಣಿನ ಕೊಡ. ಉಳುವವನು ಕೊಡ ಹೊತ್ತೇ ಉಳುತ್ತಾನೆ. ನೇಯುವವನು ಕೊಡ ಹೊತ್ತೇ ನೇಯುತ್ತಾನೆ. ಮದುಮಗಳು ಕೊಡ ಹೊತ್ತೇ ಹಸೆಗೆ ಕೂರುತ್ತಾಳೆ. ಇಳಿಸುವುದು ಎರಡೇ ಹೊತ್ತು, ಮೀಯುವಾಗ ಮತ್ತು ಮಲಗುವಾಗ.

ಆ ಕೊಡಕ್ಕೆ ಯಾರೂ ನೀರು ತುಂಬುವುದಿಲ್ಲ. ಅದು ತಾನಾಗಿ ತುಂಬುತ್ತದೆ. ಬೆಳಿಗ್ಗೆ ಹಾಲು ಉಕ್ಕಿದರೆ ಒಂದು ಹನಿ. ಅತ್ತೆ ಏನೂ ಮಾತಾಡದೆ ಪಾತ್ರೆ ಕುಕ್ಕಿದರೆ ನಾಲ್ಕು ಹನಿ. ಮಾತು ಕೊಟ್ಟ ದಿನ ಹತ್ತಿರ ಬಂದು ಕೆಲಸ ಅರ್ಧವೂ ಆಗದಿದ್ದರೆ ಒಂದು ಲೋಟ. ದಾರಿಯಲ್ಲಿ ಯಾರೋ ನಕ್ಕದ್ದು ನನ್ನನ್ನು ನೋಡಿಯೇ ಇರಬೇಕು ಎಂದುಕೊಂಡರೆ ಅದಕ್ಕೆ ಇನ್ನೊಂದು ಲೋಟ. ಸಂಜೆಯ ಹೊತ್ತಿಗೆ ಕುತ್ತಿಗೆಯ ನರ ಬಿಗಿಯುತ್ತದೆ, ಹಲ್ಲು ಕಚ್ಚಿಕೊಳ್ಳುತ್ತದೆ, ಪಕ್ಕದವರು ಊಟ ಆಯಿತೇ ಎಂದು ಕೇಳಿದರೂ ಕೊಡ ತುಳುಕಿ ಅವರ ಮೈಮೇಲೆ ಬೀಳುತ್ತದೆ. ತುಂಬಿದ ಕೊಡ ತುಳುಕುವುದಿಲ್ಲ ಎಂದು ಬೇರೆ ಊರುಗಳಲ್ಲಿ ಗಾದೆ ಇದೆಯಂತೆ. ಆ ಗಾದೆ ಕಟ್ಟಿದವನು ನಮ್ಮೂರಿಗೆ ಬಂದವನಲ್ಲ. ಬಂದಿದ್ದರೆ ತೊಯ್ದು ತೊಪ್ಪೆಯಾಗಿ ಹೋಗುತ್ತಿದ್ದ.

ಊರ ನಡುವೆ ಒಂದು ಮೆಟ್ಟಿಲುಬಾವಿ ಇದೆ. ಹೊತ್ತು ಮುಳುಗುವ ಮೊದಲು ಎಲ್ಲರೂ ಅಲ್ಲಿಗೆ ಹೋಗುತ್ತಾರೆ. ಕೊನೆಯ ಮೆಟ್ಟಿಲಿನ ಮೇಲೆ ಮೆಟ್ಟಿಲಜ್ಜಿ ಕೂತಿರುತ್ತಾಳೆ. ಕೊಡ ಬಾಗಿಸಿದವರನ್ನು ಅವಳು ಕೇಳುವುದು ಒಂದೇ ಮಾತು.

“ಯಾವುದರದು?”

ನೀರು ಯಾವುದರಿಂದ ಬಂತೋ ಅದನ್ನು ಹೇಳಬೇಕು. ಗಟ್ಟಿಯಾಗಿ ಹೇಳಬೇಕೆಂದಿಲ್ಲ, ಕೊಡಕ್ಕೆ ಕೇಳಿಸಿದರೆ ಸಾಕು. ಹೇಳಿದ್ದು ನಿಜವಾದರೆ ನೀರು ಬೀಳುತ್ತದೆ. ನಿಜವಲ್ಲದಿದ್ದರೆ ಕೊಡವನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದರೂ ಒಂದು ಹನಿ ಬೀಳುವುದಿಲ್ಲ. ನೀರು ಕೊಡದೊಳಗೆ ಹಾಗೇ ಅಂಟಿಕೊಂಡು ನಿಲ್ಲುತ್ತದೆ. ಇಷ್ಟೇ ನಮ್ಮೂರಿನ ಕಟ್ಟಳೆ. ಕೇಳಿದರೆ ಸುಲಭ ಅನಿಸುತ್ತದೆ. ಬಂದು ನೋಡಿ.

ಸಾಹುಕಾರ ದಿನಾ ಬರುತ್ತಾನೆ. “ಊರ ಜವಾಬ್ದಾರಿಯದು” ಎನ್ನುತ್ತಾನೆ. ನೀರು ಬೀಳುವುದಿಲ್ಲ. ಹಾಗೇ ಹೊತ್ತುಕೊಂಡು ಹೋಗುತ್ತಾನೆ, ಅದೂ ಜಂಬದಿಂದ. ಪಾಠ ಹೇಳುವ ಮಾಸ್ತರ “ಕಾಲ ಕೆಟ್ಟದ್ದರದು” ಎನ್ನುತ್ತಾನೆ. ಬೀಳುವುದಿಲ್ಲ. ಸಣ್ಣ ಸಣ್ಣ ಮಾತು ಹೇಳಿ ನೀರು ಚೆಲ್ಲುವುದು ನಮ್ಮೂರಿನ ದೊಡ್ಡವರಿಗೆ ಅವಮಾನ. ನಮ್ಮಲ್ಲಿ ಕೊಡ ಎಷ್ಟು ತುಂಬಿದೆಯೋ ಅಷ್ಟು ಮರ್ಯಾದೆ. ತುಂಬಿದ ಕೊಡದವರು ಬಂದರೆ ಜನ ಬದಿಗೆ ಸರಿದು ದಾರಿ ಬಿಡುತ್ತಾರೆ. ಕೊಡ ಹಗುರ ಇದ್ದವರನ್ನು ಕೆಲಸವಿಲ್ಲದವರು ಎನ್ನುತ್ತಾರೆ.

ಆ ಕೊಡಗಳನ್ನೆಲ್ಲ ಮಾಡುವವಳು ನಾನು. ಊರಿಗೆ ಒಬ್ಬಳೇ ಕುಂಬಾರಗಿತ್ತಿ. ಅದಕ್ಕಾಗಿ ಯಾರೂ ನನಗೆ ಕೈ ಮುಗಿಯುವುದಿಲ್ಲ, ಬಿಡಿ.

ನನ್ನ ಎದುರುಮನೆಯಲ್ಲಿ ಮಂಡಕ್ಕಿಯವಳು ಇದ್ದಾಳೆ. ಭಟ್ಟಿ ಹಾಕಿಕೊಂಡು, ಬಾಣಲೆಯ ಕಾದ ಮರಳಿನಲ್ಲಿ ಅಕ್ಕಿ ಹುರಿದು ಮಂಡಕ್ಕಿ ಮಾಡಿ ಮಾರುತ್ತಾಳೆ. ನನ್ನ ಮನೆಯಲ್ಲೂ ಬೆಂಕಿ, ಅವಳ ಮನೆಯಲ್ಲೂ ಬೆಂಕಿ. ನನ್ನ ಸೂರಿಗೂ ಮಸಿ, ಅವಳ ಸೂರಿಗೂ ಮಸಿ. ನನಗೂ ಒಬ್ಬ ಗಂಡ, ಅವಳಿಗೂ ಒಬ್ಬ ಗಂಡ, ಇಬ್ಬರೂ ಹೇಳಿಕೊಳ್ಳುವಂಥವರಲ್ಲ. ಹೀಗಿದ್ದ ಮೇಲೆ ಅವಳ ಕೊಡ ಯಾಕೆ ಹಗುರ? ನನ್ನದು ಯಾಕೆ ಭಾರ?

ಅವಳು ನಡೆಯುವುದನ್ನು ನೀವು ನೋಡಬೇಕು. ಕೊಡದ ಮೇಲೆ ಕೈಯನ್ನೂ ಇಡುವುದಿಲ್ಲ. ಎರಡು ಕೈ ಬೀಸಿಕೊಂಡು, ಏನೋ ಗುನುಗಿಕೊಂಡು ಹೋಗುತ್ತಾಳೆ. ದಾರಿಯ ತಿರುವು ಬಂದಾಗ ಕೈ ಮೇಲೆತ್ತಿ, ಕೊಡದಿಂದ ಒಂದು ಅಂಗೈ ನೀರು ತೆಗೆದು, ಬೇಲಿಯ ಗಿಡಕ್ಕೆ ಎರಚಿ ಮುಂದೆ ನಡೆಯುತ್ತಾಳೆ. ನೋಡಿದವರು ನೋಡಲಿ ಎಂಬ ಒಯ್ಯಾರ. ಎರಡು ವರ್ಷದಿಂದೀಚೆಗೆ ಇನ್ನೊಂದು ಸೇರಿದೆ. ಕತ್ತನ್ನು ಒಂದಿಷ್ಟು ಬಲಕ್ಕೆ ಹೊರಳಿಸಿಕೊಂಡು ರಾಣಿಯ ಹಾಗೆ ನಡೆಯುತ್ತಾಳೆ. ನಾನು ಬಲಗಡೆಯ ಜಗಲಿಯಲ್ಲಿ ಕೂತು ಕೈ ಎತ್ತಿದರೂ ತಿರುಗಿ ನೋಡದೆ ಹೋದದ್ದು ಎಷ್ಟು ಸಲವೋ. ಕೊಡ ಹಗುರ ಇದ್ದವರಿಗೆ ಕಣ್ಣು ನೆತ್ತಿಗೆ ಏರುತ್ತದೆ ಎಂದು ನಾನು ಹಲ್ಲು ಕಡಿಯುತ್ತಿದ್ದೆ.

ಅವಳನ್ನು ನೋಡುವುದೇ ನನಗೊಂದು ಕೆಲಸವಾಗಿತ್ತು. ಚಕ್ರ ತಿರುಗಿಸುತ್ತ ನೋಡುತ್ತಿದ್ದೆ. ಮಣ್ಣು ತುಳಿಯುತ್ತ ನೋಡುತ್ತಿದ್ದೆ. ಅವಳ ಭಟ್ಟಿಗೆ ಎಷ್ಟು ಜನ ಬಂದರು, ಅವಳು ಯಾರ ಜೊತೆ ನಕ್ಕಳು, ಅವಳ ಸೀರೆ ಹಳೆಯದೋ ಹೊಸದೋ, ಎಲ್ಲ ನನಗೆ ಗೊತ್ತು. ನೋಡಿದಷ್ಟೂ ಹೊಟ್ಟೆ ಉರಿಯುತ್ತಿತ್ತು. ಹೊಟ್ಟೆ ಉರಿದಷ್ಟೂ ನೋಡುತ್ತಿದ್ದೆ. ಮಧ್ಯಾಹ್ನದ ಊಟಕ್ಕೆ ಕೂರುವಾಗಲೇ ನನ್ನ ಕೊಡ ಕಂಠದವರೆಗೆ ಬಂದಿರುತ್ತಿತ್ತು.

ಸಂಜೆ ಬಾವಿಗೆ ಹೋದರೆ ಅಜ್ಜಿ ಕೇಳುತ್ತಿದ್ದಳು, ಯಾವುದರದು. ಗಡಿಗೆ ಸುಡುವ ಆವಿಗೆಯಲ್ಲಿ ಮೂರು ಒಡೆದದ್ದು ಎನ್ನುತ್ತಿದ್ದೆ, ಒಂದಿಷ್ಟು ಬೀಳುತ್ತಿತ್ತು. ಸೌದೆ ಹಸಿಯಿದ್ದದ್ದು ಎನ್ನುತ್ತಿದ್ದೆ, ಒಂದಿಷ್ಟು ಬೀಳುತ್ತಿತ್ತು. ಉಳಿದದ್ದಕ್ಕೆ ಗಂಡನದು ಎನ್ನುತ್ತಿದ್ದೆ. ಹಣೆಬರಹದ್ದು ಎನ್ನುತ್ತಿದ್ದೆ. ಈ ಹಾಳು ಊರಿನದು ಎನ್ನುತ್ತಿದ್ದೆ. ತಳದ ನೀರು ಮಿಸುಕುತ್ತಿರಲಿಲ್ಲ. ಆ ತಳದ ನೀರು ಒಂಬತ್ತು ವರ್ಷದ್ದು. ಮಂಡಕ್ಕಿಯವಳು ಎದುರುಮನೆಗೆ ಬಂದೂ ಒಂಬತ್ತು ವರ್ಷ. ನಗಬೇಡಿ. ನಿಮಗೆ ಈಗ ಹೊಳೆದಷ್ಟು ಸಲೀಸಾಗಿ ನನಗೆ ಅದು ಹೊಳೆಯಲಿಲ್ಲ.

ಹೀಗೇ ಹೊತ್ತುಕೊಂಡು ಸಾಯುವವರೆಗೆ ನಡೆದುಬಿಡುತ್ತಿದ್ದೆನೋ ಏನೋ. ಆದರೆ ಆ ಹುಣ್ಣಿಮೆಗೆ ನನ್ನ ಮಗಳಿಗೆ ಹನ್ನೆರಡು ತುಂಬುವುದಿತ್ತು.

ಹನ್ನೆರಡು ತುಂಬಿದ ಮಗುವಿನ ತಲೆಗೆ ಕೊಡ ಏರಿಸುವವಳು ತಾಯಿ. ಅವತ್ತು ಬಾವಿಯ ಮೆಟ್ಟಿಲಲ್ಲಿ ಅಜ್ಜಿ ಸುಮ್ಮನಿರುತ್ತಾಳೆ. ಯಾವುದರದು ಎಂದು ಕೇಳುವುದು ಮಗು. ತಾಯಿ ಹೇಳಿ ಹೇಳಿ ತನ್ನ ಕೊಡವನ್ನು ಪೂರ್ತಿ ಬರಿದು ಮಾಡಿ, ಆಮೇಲೆ ಮಗುವಿನ ಕೊಡ ಎತ್ತಬೇಕು. ಬರಿದು ಮಾಡದೆ ಎತ್ತಿದರೆ ಉಳಿದ ನೀರಿನಲ್ಲಿ ಅರ್ಧ ಮಗುವಿನ ಕೊಡಕ್ಕೆ ಹೋಗುತ್ತದೆ. ಹಾಗೆ ಬಂದ ನೀರನ್ನು ಮಗು ಚೆಲ್ಲಲಾರದು. ತನ್ನದಲ್ಲದ ನೀರು ಯಾವುದರದು ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು?

ನನ್ನ ಗಂಡನ ಕೊಡದಲ್ಲಿ ಅಂಥ ನೀರಿದೆ. ನಾಲ್ಕು ಬೆರಳಿನಷ್ಟು, ಅವರವ್ವನದು. ಮೂವತ್ತು ವರ್ಷದಿಂದ ಹೊತ್ತಿದ್ದಾನೆ, ಕುತ್ತಿಗೆ ಎಡಕ್ಕೆ ವಾಲಿದೆ. ಹುಣ್ಣಿಮೆಗೆ ಐದು ದಿನ ಇರುವಾಗ ಊಟಕ್ಕೆ ಕೂತವನು ಮೆಲ್ಲಗೆ ಮಾತು ತೆಗೆದ.

“ನಿಂದು ತಳದ ನೀರು ಹಂಗ ಐತಲ್ಲ. ಹುಡುಗಿಗೆ ಹೆಂಗ ಮಾಡ್ತಿ?”

“ನೀನು ಉಣ್ಣು” ಎಂದೆ. ಕೊಡ ತುಳುಕಿ ಅವನ ತಟ್ಟೆಗೇ ಬಿತ್ತು. ಅವನು ನೀರಾದ ಸಾರಿನಲ್ಲೇ ರೊಟ್ಟಿ ಅದ್ದಿಕೊಂಡು ತಿಂದ.

“ನಮ್ಮವ್ವನೂ ಹಿಂಗ ಅಂತಿದ್ಲು” ಎಂದ, ಕೈ ತೊಳೆಯುವಾಗ. “ಆಕಿ ಹೋಗಿ ಎಷ್ಟು ದಿನ ಆತು. ಆಕಿ ನೀರು ಮಾತ್ರ ನನ್ನ ತಲಿ ಮ್ಯಾಲ ಐತಿ. ಯಾವುದರದೋ ಏನೋ.”

ಮಗಳು ಮೂಲೆಯಲ್ಲಿ ಕೂತು ತನ್ನ ಸಿಂಬೆ ಹೊಲಿಯುತ್ತಿದ್ದಳು. ತಲೆ ಎತ್ತಿ ನನ್ನ ಕೊಡವನ್ನು ನೋಡಿದಳು. ಏನಾದರೂ ಕೇಳಿದ್ದರೆ ಬೈದಾದರೂ ಬಿಡುತ್ತಿದ್ದೆ.

ಕುಂಬಾರಗಿತ್ತಿಗೆ ಲೋಕದ ತಪ್ಪೆಲ್ಲ ಮಣ್ಣಿನಲ್ಲೇ ಕಾಣುತ್ತದೆ. ಗಡಿಗೆ ಸೋರಿದರೆ ಮಣ್ಣಿನ ತಪ್ಪು, ಒಡೆದರೆ ಮಣ್ಣಿನ ತಪ್ಪು. ಅವತ್ತು ನಾನು ಕೂತು ಯೋಚಿಸಿದೆ. ಒಂಬತ್ತು ವರ್ಷದ ಹಿಂದೆ ಮಂಡಕ್ಕಿಯವಳು ಬಂದ ಹೊಸತರಲ್ಲಿ ಅವಳ ಹಳೆಯ ಕೊಡ ಬಿರುಕು ಬಿಟ್ಟಿತ್ತು. ಅವಳಿಗೊಂದು ಹೊಸದು ಮಾಡಿದೆ. ಅದೇ ದಿನ, ಚಕ್ರದ ಮೇಲೆ ಉಳಿದ ಅದೇ ಮುದ್ದೆಯಲ್ಲಿ, ನನಗೂ ಒಂದು ಮಾಡಿಕೊಂಡೆ. ಮುದ್ದೆಯ ಮೇಲಿನ ಮಣ್ಣು ನುಣುಪು, ಅದು ಮೊದಲ ಕೊಡಕ್ಕೆ ಹೋಗುತ್ತದೆ. ಅಡಿಯ ಮಣ್ಣು ಒರಟು, ಅದು ಎರಡನೆಯದಕ್ಕೆ. ಅಂದರೆ ಒಳ್ಳೆಯ ಕೊಡ ಅವಳಿಗೆ ಹೋಯಿತು, ಗಸಿಯ ಕೊಡ ನನಗೆ ಉಳಿಯಿತು. ಅವಳ ನಡಿಗೆ, ಅವಳ ಗುನುಗು, ಅವಳ ಜಂಬ, ಎಲ್ಲವನ್ನೂ ನಾನೇ ನನ್ನ ಕೈಯಾರೆ ಮಾಡಿ ಕೊಟ್ಟಿದ್ದೆ!

ಇದು ಹೊಳೆದದ್ದೇ ತಡ, ನನಗೆ ದುಃಖವೂ ಬಂತು, ಸಮಾಧಾನವೂ ಬಂತು. ಅವಳ ಕೊಡ ನನ್ನದಾದರೆ ನನ್ನ ಮಗಳು ಉಳಿದಳು. ಗಂಡನ ತಲೆಯ ಮೇಲೆ ಮೂವತ್ತು ವರ್ಷದಿಂದ ಕೂತಿದ್ದ ಪಾಠ ಆಗ ನನ್ನ ಕಣ್ಣಿಗೆ ಬೀಳಲಿಲ್ಲ.

ಎರಡು ಮನೆಗೂ ಒಂದೇ ಬಚ್ಚಲು, ಬೀದಿಯ ಕೊನೆಯಲ್ಲಿ. ಮರುದಿನ ಬೆಳಿಗ್ಗೆ ಅವಳು ಕಟ್ಟೆಯ ಮೇಲೆ ಕೊಡ ಇಳಿಸಿ ಒಳಗೆ ಹೋದಳು. ನಾನು ನನ್ನದನ್ನು ಅದರ ಪಕ್ಕ ಇಟ್ಟೆ. ಎರಡೂ ನನ್ನ ಕೈಯವೇ, ಬೇರೆಯವರಿಗೆ ಗುರುತು ಹತ್ತುವುದಿಲ್ಲ. ಅವಳದರ ಬುಡದಲ್ಲಿ ನನ್ನ ಹೆಬ್ಬೆರಳಿನ ಗುರುತು ಸ್ವಲ್ಪ ಆಳ, ಅಷ್ಟೇ. ನಾನು ಅವಳದನ್ನು ನನ್ನ ಸಿಂಬೆಯ ಮೇಲೆ ಇಟ್ಟುಕೊಂಡೆ.

ಎತ್ತುವಾಗಲೇ ಮೊಣಕಾಲು ಬಗ್ಗಿತು. ಅದು ಹಗುರವಾಗಿರಲಿಲ್ಲ. ಬೆಳಗಿನ ಹೊತ್ತಿಗೇ ಅರ್ಧಕ್ಕೆ ಮೇಲೆ ನೀರಿತ್ತು. ನನ್ನದಕ್ಕಿಂತ ಭಾರ.

ಮತ್ತೊಮ್ಮೆ ಬುಡ ಮುಟ್ಟಿ ನೋಡಿದೆ. ಹೆಬ್ಬೆರಳಿನ ಗುರುತು ಆಳವಾಗಿಯೇ ಇತ್ತು. ಇವತ್ತೊಂದು ದಿನ ಹೀಗಿರಬೇಕು, ನಾಳೆ ಸರಿಹೋಗುತ್ತದೆ ಎಂದುಕೊಂಡು ನಡೆದೆ. ಅವಳು ಮಿಂದು ಬಂದು, ನನ್ನ ಕೊಡ ಎತ್ತಿ, ಒಂದು ಗಳಿಗೆ ನಿಂತಳು. ಆಮೇಲೆ ಎಂದಿನಂತೆ ಕೈ ಬೀಸಿಕೊಂಡು ಹೋದಳು. ನನ್ನ ಕೊಡವನ್ನು ಹೊತ್ತುಕೊಂಡು, ಅದೇ ನಡಿಗೆ, ಅದೇ ಗುನುಗು! ಅಲ್ಲಿಗೆ ನನಗೆ ಬುದ್ಧಿ ಬರಬೇಕಿತ್ತು. ಬಂದದ್ದು ಇನ್ನಷ್ಟು ಉರಿ.

ಆ ಸಂಜೆ ಮೆಟ್ಟಿಲ ಮೇಲೆ ಇಬ್ಬರೂ ಅಕ್ಕಪಕ್ಕ ನಿಂತೆವು. ಅಜ್ಜಿ ಕೇಳಿದಳು, ಯಾವುದರದು. ನಾನು ಕೊಡ ಬಾಗಿಸಿದೆ. ಒಡೆದ ಗಡಿಗೆ ಎಂದೆ. ಹಸಿ ಸೌದೆ ಎಂದೆ. ಗಂಡ ಎಂದೆ. ಒಂದು ಹನಿಯೂ ಬೀಳಲಿಲ್ಲ. ದಿನಾ ಬೀಳುತ್ತಿದ್ದಷ್ಟೂ ಬೀಳಲಿಲ್ಲ.

ಅಜ್ಜಿ ಅವಳನ್ನು ಕೇಳಿದಳು, ಯಾವುದರದು. ಮಂಡಕ್ಕಿಯವಳು ನನ್ನ ಕೊಡವನ್ನು ಎದೆಯ ಹತ್ತಿರ ತಂದು ಒಳಗೆ ಇಣುಕಿದಳು. ಬಹಳ ಹೊತ್ತು ಇಣುಕಿದಳು. ಆಮೇಲೆ ತುಟಿ ಅಲ್ಲಾಡಿಸಿ ಏನೋ ಅಂದಳು, ನನಗೆ ಕೇಳಿಸಲಿಲ್ಲ. ನೀರು ಬಿತ್ತು. ಮೇಲಿನದು ಬಿತ್ತು, ನಡುವಿನದು ಬಿತ್ತು, ಒಂಬತ್ತು ವರ್ಷದ ನನ್ನ ತಳದ ನೀರು ಪಾಚಿಯ ಸಮೇತ ದಬದಬನೆ ಬಿತ್ತು. ಕೊಡ ಬರಿದಾಯಿತು.

ಆ ಹೊತ್ತಿನ ನನ್ನ ಸಂಕಟ ಯಾರಿಗೂ ಬೇಡ. ನನ್ನ ಮಾತು ಕೇಳದ ನನ್ನ ನೀರು ಅವಳ ಮಾತು ಕೇಳಿತು. ನಾನು ಹೆತ್ತವಳಂತೆ ಸಾಕಿಕೊಂಡು ಬಂದ ನೀರು! ಅವಳು ಬರಿದಾದ ಕೊಡವನ್ನು ಸಿಂಬೆಗಿಟ್ಟು, ಕತ್ತು ಹೊರಳಿಸಿಕೊಂಡು ಮೆಟ್ಟಿಲು ಹತ್ತಿ ಹೋದಳು. ನಾನು ಅವಳ ಬಲಗಡೆಯೇ ನಿಂತಿದ್ದೆ. ನನ್ನ ಕಡೆ ನೋಡಲೂ ಇಲ್ಲ.

ಮುಂದಿನ ಮೂರು ದಿನ ನನ್ನ ತಲೆಯ ಮೇಲಿನ ಕೊಡ ಏರುತ್ತಲೇ ಹೋಯಿತು. ಅವಳ ನೀರಿನ ಮೇಲೆ ನನ್ನ ನೀರು. ಕದ್ದದ್ದು ಯಾರಿಗಾದರೂ ಗೊತ್ತಾದರೆ ಎಂಬ ಹೆದರಿಕೆಗೆ ಒಂದು ಲೋಟ, ಅವಳಿಗೆ ಗೊತ್ತಾಗಿದೆಯೋ ಇಲ್ಲವೋ ಎಂಬುದಕ್ಕೆ ಎರಡು ಲೋಟ, ಅವಳು ಇನ್ನೂ ಗುನುಗುತ್ತಿದ್ದಾಳೆ ಎಂಬುದಕ್ಕೆ ಲೆಕ್ಕವೇ ಇಲ್ಲ. ನಡೆದರೆ ತುಳುಕುತ್ತಿತ್ತು, ಕೂತರೆ ತುಳುಕುತ್ತಿತ್ತು. ದಾರಿಯಲ್ಲಿ ಜನ ಸರಿದು ನಿಂತು ನನಗೆ ಮರ್ಯಾದೆ ಕೊಟ್ಟರು. ಸಾಹುಕಾರ ಕೂಡ ಕೊಟ್ಟ. ಆ ಮರ್ಯಾದೆ ತೆಗೆದುಕೊಂಡು ಏನು ಮಾಡಲಿ?

ಮಗಳ ಕೊಡವನ್ನು ಆವಿಗೆಯಿಂದ ತೆಗೆದೆ. ಸಣ್ಣದು, ಕೆಂಪಗೆ ಚೆನ್ನಾಗಿ ಬೆಂದಿತ್ತು. ಬೆರಳಿನಿಂದ ತಟ್ಟಿದರೆ ಗಂಟೆಯ ಹಾಗೆ ಸದ್ದು ಬಂತು. ಅದರ ಮೇಲೆ ಬಾಗಿದಾಗ ನನ್ನ ತಲೆಯಿಂದ ನೀರು ತುಳುಕಿ ಅದರೊಳಗೆ ಬಿತ್ತು. ಬಿಸಿ ಮಣ್ಣು ಚುಂಯ್ ಎಂದಿತು. ಮಗಳು ಸೆರಗಿನಿಂದ ಅದನ್ನು ಒರೆಸಿ, ಒಳಗೆ ತೆಗೆದುಕೊಂಡು ಹೋದಳು. ನನ್ನಿಂದ ದೂರಕ್ಕೆ ತೆಗೆದುಕೊಂಡು ಹೋದಳು ಎಂದು ನನಗೆ ತಿಳಿಯಿತು. ಆಗ ನನಗೆ ಅಳು ಬಂತು.

ಹುಣ್ಣಿಮೆಯ ಹಿಂದಿನ ದಿನ, ಮಧ್ಯಾಹ್ನ, ನಾನು ಬೀದಿ ದಾಟಿ ಮಂಡಕ್ಕಿ ಭಟ್ಟಿಗೆ ಹೋದೆ. ಅವಳು ಒಬ್ಬಳೇ ಇದ್ದಳು, ತಲೆ ಬರಿದಾಗಿತ್ತು. ಬಾಣಲೆಯಲ್ಲಿ ಮರಳು ಕೆಂಪಾಗಿ ಕಾದಿತ್ತು. ನಾನು ಬಾಗಿಲಲ್ಲಿ ನಿಂತೆ.

“ಬಾ ಅಕ್ಕ” ಎಂದಳು. “ಕೊಡ ಒಯ್ಯಾಕ ಬಂದಿಯೇನು?”

“ನಿನಗ ಗೊತ್ತಿತ್ತಾ?”

“ಒಂಬತ್ತು ವರ್ಷ ಹೊತ್ತೀನಿ. ನನ್ನ ತಲಿಗೆ ನನ್ನ ಕೊಡ ಗೊತ್ತಾಗಂಗಿಲ್ಲೇನು? ಬಚ್ಚಲ ಕಟ್ಟಿ ಮ್ಯಾಲ ಎತ್ತಿದಾಗ್ಲೇ ಗೊತ್ತಾತು.”

“ಮತ್ತ ಯಾಕ ಸುಮ್ನಿದ್ದಿ?”

“ನೀನ ಬರ್ತಿ ಅಂತ ಇದ್ದೆ. ನನ್ನ ನೀರು ನಿನಗ ಚೆಲ್ಲಾಕ ಬರಂಗಿಲ್ಲಲ್ಲ.”

ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

“ಅವತ್ತು ನನ್ನ ಕೊಡಕ್ಕ ಏನಂದಿ?” ಎಂದು ಕೇಳಿದೆ.

ಅವಳು ಜರಡಿಯಲ್ಲಿ ಮಂಡಕ್ಕಿ ಜಾಡಿಸುತ್ತ ನಕ್ಕಳು. “ಯಾವುದರದು ಅಂತ ನನಗೇನು ಗೊತ್ತು? ಒಳಗ ಇಣುಕಿದೆ. ನೀರಿನಾಗ ನನ್ನ ಮುಖ ಕಾಣಿಸ್ತು. ನಂದು ಅಂದೆ. ಬಿತ್ತು.”

ನೀರಿನಲ್ಲಿ ಇಣುಕಿದವರಿಗೆ ಅವರವರ ಮುಖವೇ ಕಾಣುತ್ತದೆ, ಅದರಲ್ಲೇನಿದೆ ಎಂದು ಬಾಯಿಗೆ ಬಂತು. ಆದರೆ ನೀರು ಬಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಒಂಬತ್ತು ವರ್ಷ ಗಂಡನ ಮೇಲೆ, ಊರಿನ ಮೇಲೆ, ಹಣೆಬರಹದ ಮೇಲೆ ಹೊರಿಸಿದ್ದ ನೀರು ಅವಳು ನಂದು ಎಂದ ಕೂಡಲೇ ಬಿದ್ದಿತ್ತು. ನನಗೆ ಭಟ್ಟಿಯ ನೆಲ ಬಿರಿದು ನುಂಗಬಾರದೇ ಅನಿಸಿತು.

“ಅಲ್ಲೈತಿ ನೋಡು ನಿನ್ನ ಕೊಡ. ನಿನ್ನ ಕೊಡದಾಗ ನಂದು ಅಂದ್ರ ಸಾಕು, ದಿನಾ ಬಂದದ್ದು ದಿನಾ ಚೆಲ್ಲಿ ಬರಿದು ಮಾಡಿ ಇಳಿಸಿಟ್ಟೀನಿ” ಎಂದಳು. “ನಾಳೆ ಹುಡುಗಿ ಕೊಡ ಎತ್ತಬೇಕಲ್ಲ, ತಗೊಂಡು ಹೋಗು. ನನ್ನದು ಇಲ್ಲಿ ಇಟ್ಟು ಹೋಗು.”

ಗೋಡೆಯ ಪಕ್ಕ ನನ್ನ ಕೊಡ ಇತ್ತು. ಬರಿದಾದ ಕೊಡ. ಅದನ್ನು ಎತ್ತಿಕೊಂಡರೆ ನನ್ನ ಮಗಳು ಗೆದ್ದಳು. ನಾನು ತುಂಬಿಸಿದ ಹೊಸ ನೀರೆಲ್ಲ ಈ ಕೊಡದಲ್ಲಿ ಇವಳ ತಲೆಗೇ ಉಳಿಯುತ್ತದೆ, ಉಳಿಯಲಿ, ಇವಳಿಗೆ ಹೇಗೂ ಚೆಲ್ಲುವುದು ಗೊತ್ತಿದೆ. ಸುಳ್ಳು ಯಾಕೆ ಹೇಳಲಿ, ನನ್ನ ಕೈ ಮುಂದೆ ಹೋಯಿತು.

ಅಷ್ಟರಲ್ಲಿ ಅವಳು ಕೆಳಗಿಟ್ಟಿದ್ದ ಜರಡಿಗಾಗಿ ಬಲಗೈ ಚಾಚಿದಳು. ಜರಡಿ ಇದ್ದದ್ದು ಇನ್ನೊಂದು ಮೊಳ ಆಚೆಗೆ. ಅವಳ ಕೈ ನೇರವಾಗಿ ಕೆಂಪಗೆ ಕಾದ ಬಾಣಲೆಯ ಅಂಚಿಗೆ ಹೋಗುತ್ತಿತ್ತು, ಅವಳು ಅದನ್ನು ನೋಡುತ್ತಲೇ ಇರಲಿಲ್ಲ. ನಾನು ಹಾರಿ ಅವಳ ಮಣಿಕಟ್ಟು ಹಿಡಿದೆ. ಕೊಡದ ನೀರು ತುಳುಕಿ ಇಬ್ಬರನ್ನೂ ತೋಯಿಸಿತು. ಅವಳ ಅಂಗೈಯನ್ನು ತಿರುಗಿಸಿ ನೋಡಿದೆ. ಹಳೆಯ ಸುಟ್ಟ ಗಾಯ, ಅದರ ಮೇಲೆ ಹೊಸದು, ಅದರ ಪಕ್ಕ ಇನ್ನೊಂದು.

ಆಮೇಲೆ ಅವಳ ಮುಖ ನೋಡಿದೆ. ಒಂಬತ್ತು ವರ್ಷ ನೋಡಿದ್ದೆ, ಆದರೂ ಅವತ್ತೇ ನೋಡಿದೆ. ಅವಳ ಬಲಗಣ್ಣಿನ ಬೊಂಬೆಯ ಮೇಲೆ ಬೂದಿಯ ಬಣ್ಣದ ಪೊರೆ ಇತ್ತು. ಆ ಕಣ್ಣು ನನ್ನ ಕಡೆ ತಿರುಗಿತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ.

“ಎಂದಿನಿಂದ?”

“ಎರಡು ವರ್ಷ ಆತು. ಭಟ್ಟಿ ಶಾಖ.” ಅವಳು ಕೈ ಬಿಡಿಸಿಕೊಂಡು, ಕತ್ತನ್ನು ಪೂರ್ತಿ ಬಲಕ್ಕೆ ಹೊರಳಿಸಿ, ಎಡಗಣ್ಣಿನಿಂದ ಜರಡಿಯನ್ನು ಹುಡುಕಿ ಎತ್ತಿಕೊಂಡಳು. ಎರಡು ವರ್ಷ ನನ್ನ ಹೊಟ್ಟೆ ಉರಿಸಿದ ರಾಣಿಯ ಠೀವಿ ಅದೇ. “ಇನ್ನೊಂದೂ ಹೋದ್ರ ಏನು ಗತಿ ಅಂತ ಹಗಲೂರಾತ್ರಿ ಬರ್ತೈತಿ ನೀರು. ಹೇಳಿಲ್ಲ, ಯಾರಿಗೂ ಹೇಳಿಲ್ಲ. ಬಾವಿಗೂ ಹೇಳಿಲ್ಲ. ಬಾಯಿಬಿಟ್ಟು ಹೇಳಿದ್ರ ಖರೇ ಆಗಿಬಿಡ್ತೈತಿ ಅಂತ ಅಂಜಿಕಿ.”

“ಇಷ್ಟು ಭಾರ ಹೊತ್ತು ಹಂಗ ಕೈ ಬೀಸಿ ಹೆಂಗ ನಡೀತಿದ್ದಿ?”

“ದೊಡ್ಡದು ಹೊರಾಕ ಕುತ್ತಿಗಿ ಬೇಕಲ್ಲಕ್ಕ” ಎಂದಳು. “ಅದಕ ಸಣ್ಣದು ತಲಿ ಮ್ಯಾಲ ಇಟ್ಕೊಳ್ಳಂಗಿಲ್ಲ. ಅಕ್ಕಿ ಸೀದದ್ದು, ಗಿರಾಕಿ ಬೈದದ್ದು, ಗಂಡ ಮಾತಾಡದೆ ಮಲಗಿದ್ದು, ಬಂದಲ್ಲೇ ಹೆಸರು ಹೇಳಿ ತಿರುವಿನಾಗ ಚೆಲ್ಲಿಬಿಡ್ತೀನಿ. ಸಂಜಿ ತನಕ ಯಾಕ ಕಾಯಬೇಕು? ಎಲ್ಲಾ ಸೇರಿದ್ರ ಯಾವುದು ಯಾವುದರದು ಅಂತ ಗೊತ್ತಾಗಂಗಿಲ್ಲ.”

ನಾನು ಒಯ್ಯಾರ ಎಂದುಕೊಂಡದ್ದು ಅದು. ಬೇಲಿಯ ಗಿಡಗಳು ನಮ್ಮ ಬೀದಿಯಲ್ಲಿ ಮಾತ್ರ ಯಾಕೆ ಹಸಿರಾಗಿವೆ ಎಂದು ನಾನು ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಚಾಚಿದ್ದ ಕೈಯನ್ನು ಹಿಂದೆ ತೆಗೆದುಕೊಂಡೆ. “ನನ್ನ ಕೊಡ ನಾಳೆ ತನಕ ಇಲ್ಲೇ ಇರ್ಲಿ” ಎಂದೆ. “ಇದನ್ನ ನಾನು ಹೊತ್ಕೊಂಡು ಹೋಗ್ತೀನಿ. ಯಾವುದರದು ಅಂತ ಈಗ ನನಗ ಗೊತ್ತೈತಿ.”

ಅವಳು ಮರಳನ್ನು ಕೆದಕುತ್ತ ಕೂತಳು. “ನನ್ನ ಹೆಸರು ಹೇಳಬ್ಯಾಡ” ಎಂದಳು ಕೊನೆಗೆ.

ಹುಣ್ಣಿಮೆಯ ಸಂಜೆ ಊರೆಲ್ಲ ಮೆಟ್ಟಿಲುಗಳ ಮೇಲೆ ನಿಂತಿತ್ತು. ಗಂಡ ಮೇಲಿನ ಮೆಟ್ಟಿಲಲ್ಲಿ ವಾಲಿದ ಕುತ್ತಿಗೆಯಲ್ಲಿ ನಿಂತಿದ್ದ. ಅಜ್ಜಿ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಮಗಳು ಹೊಸ ಸಿಂಬೆ ತಲೆಯ ಮೇಲಿಟ್ಟುಕೊಂಡು ನನ್ನ ಎದುರು ನಿಂತಳು. ನಾನು ಕೊಡ ಇಳಿಸಿ ಬಾಗಿಸಿದೆ.

“ಯಾವುದರದವ್ವ?”

ದೊಡ್ಡ ಮಾತುಗಳೆಲ್ಲ ಅಭ್ಯಾಸದಿಂದ ಗಂಟಲಿಗೆ ಬಂದವು. ನುಂಗಿಕೊಂಡೆ. “ಸಾರಿಗೆ ಉಪ್ಪು ಹೆಚ್ಚಾದದ್ದು” ಎಂದೆ. ಒಂದಿಷ್ಟು ಬಿತ್ತು. “ನಿನ್ನ ಕೊಡ ಆವಿಗೆಯಲ್ಲಿ ಒಡೆದೀತು ಅಂತ ಅಂಜಿದ್ದು.” ಒಂದಿಷ್ಟು ಬಿತ್ತು. “ನೀನು ಅದನ್ನು ನನ್ನಿಂದ ದೂರ ಒಯ್ದದ್ದು.” ಅದೂ ಬಿತ್ತು. ಮಗಳು ತಲೆ ತಗ್ಗಿಸಿದಳು.

“ಯಾವುದರದವ್ವ?”

ನಾನು ಬಾಗಿ ಕೊಡದ ಬಾಯಿಗೆ ಮಾತ್ರ ಕೇಳುವಂತೆ ಹೇಳಿದೆ. “ಒಂದು ಕಣ್ಣು ಹೋದದ್ದು. ಇನ್ನೊಂದು ಹೋದೀತು ಅನ್ನೋದು.”

ಎರಡು ವರ್ಷದ ನೀರು ಬಿತ್ತು. ಬಾವಿ ಸದ್ದು ಮಾಡಿತು. ಜನ ಇವಳದು ಇಷ್ಟಿತ್ತೇ ಎಂದು ಗುಜುಗುಜು ಮಾತಾಡಿಕೊಂಡರು. ಗುಂಪಿನ ಹಿಂದೆ ಮಂಡಕ್ಕಿಯವಳು ನಿಂತಿದ್ದಳು, ಅವಳ ಕೈ ಅವಳ ಬಾಯಿಯ ಮೇಲಿತ್ತು.

ತಳದಲ್ಲಿ ನಾಲ್ಕಾರು ಲೋಟದಷ್ಟು ಉಳಿಯಿತು. ಮಗಳು ಮೂರನೆಯ ಸಲ ಕೇಳಿದಳು.

“ಯಾವುದರದವ್ವ?”

ಹನ್ನೆರಡು ವರ್ಷ ಹಾಲು ಕುಡಿಸಿ, ಜಡೆ ಹೆಣೆದು, ಸುಳ್ಳು ಹೇಳಬಾರದು ಎಂದು ಗದರಿಸಿ ಬೆಳೆಸಿದ ಮಗಳು. ಅವಳ ಕಣ್ಣಿನಲ್ಲಿ ನಾನು ಏನಾಗುತ್ತೇನೋ ಎಂದು ಹೆದರಿಕೆಯಾಯಿತು. ಹೇಳದಿದ್ದರೆ ಇದರ ಅರ್ಧ ಅವಳ ತಲೆಗೆ ಹೋಗುತ್ತದೆ, ಅವಳ ಕುತ್ತಿಗೆಯೂ ಅವರಪ್ಪನ ಹಾಗೆ ವಾಲುತ್ತದೆ, ಯಾವುದರದೋ ಏನೋ ಎಂದು ಅವಳೂ ಒಂದು ದಿನ ಕೈ ತೊಳೆಯುತ್ತ ಅನ್ನುತ್ತಾಳೆ. ಅದು ಇನ್ನೂ ದೊಡ್ಡ ಹೆದರಿಕೆ.

“ಹೊಟ್ಟಿಕಿಚ್ಚಿನದು” ಎಂದೆ, ಎಲ್ಲರಿಗೂ ಕೇಳುವಂತೆ. “ಎದುರುಮನಿಯಾಕಿನ್ನ ನೋಡಿ ನೋಡಿ ತುಂಬಿಸ್ಕೊಂಡಿದ್ದು. ಈ ಕೊಡ ಆಕಿದು. ನಾನು ಕದ್ದೆ.”

ಅದು ಬಿದ್ದ ಸದ್ದು ಬಹಳ ಸಣ್ಣದು. ಸಾಹುಕಾರ ಛೀ ಎಂದ. ಮಾಸ್ತರ ಮುಖ ತಿರುಗಿಸಿದ. ಮಗಳು ಕೊಡದೊಳಗೆ ಕೈ ಹಾಕಿ ತಳ ಸವರಿ ನೋಡಿದಳು. 

“ಒಣಗೈತಿ” ಎಂದಳು. ಆಮೇಲೆ ನನ್ನ ಮುಂದೆ ತಲೆ ಬಗ್ಗಿಸಿ ನಿಂತಳು.

ಅವಳ ಕೊಡವನ್ನು ಎತ್ತಿ ಸಿಂಬೆಯ ಮೇಲೆ ಇಟ್ಟೆ. ಅವಳು ಮೆಲ್ಲಗೆ ನೆಟ್ಟಗಾದಳು. “ಇದರಾಗೂ ಬರ್ತೈತಾ ಅವ್ವ?” ಎಂದು ಕೇಳಿದಳು.

“ಬರ್ತೈತಿ. ಬರದೆ ಇರಂಗಿಲ್ಲ. ಬಂದ ಕೂಡ್ಲೆ ಕೇಳ್ಕೊ.”

ಮಂಡಕ್ಕಿಯವಳು ಬಂದು ನನ್ನ ಕೊಡ ನನಗೆ ಕೊಟ್ಟು, ತನ್ನದನ್ನು ತಲೆಗಿಟ್ಟುಕೊಂಡಳು. ಎರಡು ವರ್ಷದಲ್ಲಿ ಮೊದಲ ಸಲ ಬರಿದಾದ ಕೊಡ. ಅವಳು ಕೈ ಬೀಸಿಕೊಂಡು ಮೆಟ್ಟಿಲು ಹತ್ತಿದಳು. ಭಾರ ಹೊತ್ತಾಗಲೇ ಅಷ್ಟು ಚೆಂದ ನಡೆಯುತ್ತಿದ್ದವಳು ಬರಿಗೊಡದಲ್ಲಿ ಹೇಗೆ ನಡೆದಿರಬೇಕು, ನೀವೇ ಊಹಿಸಿ. ಹಿಂದೆ ನಿಂತು ನೋಡುತ್ತಿದ್ದ ನನ್ನ ಕೊಡದೊಳಗೆ ಟಪ್ ಎಂದು ಒಂದು ಹನಿ ಬಿತ್ತು. ಅಷ್ಟೆಲ್ಲ ಆದ ಮೇಲೂ! ನನಗೆ ನಗು ಬಂತು.

ಈಗ ನಾವಿಬ್ಬರೂ ಸಂಜೆ ಒಟ್ಟಿಗೆ ಬಾವಿಗೆ ಹೋಗುತ್ತೇವೆ. ನಾನು ಯಾವಾಗಲೂ ಅವಳ ಬಲಗಡೆ ನಡೆಯುತ್ತೇನೆ. ಕಲ್ಲು ಬಂದರೆ ಕಲ್ಲು ಎನ್ನುತ್ತೇನೆ, ಗಾಡಿ ಬಂದರೆ ಗಾಡಿ ಎನ್ನುತ್ತೇನೆ. ಇವರಿಬ್ಬರಿಗೂ ಏನು ಕೆಲಸವಿಲ್ಲವೇ, ಕೊಡ ಇಷ್ಟು ಹಗುರ ಇಟ್ಟುಕೊಂಡು ತಿರುಗುತ್ತಾರೆ ಎಂದು ಜನ ಆಡಿಕೊಳ್ಳುತ್ತಾರೆ. ತಿರುವು ಬಂದಾಗ ನಾನು ಕೈ ಎತ್ತಿ ಒಂದು ಅಂಗೈ ನೀರು ಬೇಲಿಗೆ ಎರಚುತ್ತೇನೆ.

“ಯಾವುದರದಕ್ಕ?” ಎನ್ನುತ್ತಾಳೆ ಅವಳು.

“ನಿಂದು” ಎನ್ನುತ್ತೇನೆ.

ಅವಳು ನಗುತ್ತಾಳೆ. ಆಮೇಲೆ ಅವಳೂ ಕೈ ಎತ್ತುತ್ತಾಳೆ. ನಾನು ಕೇಳುವುದಕ್ಕೆ ಮೊದಲೇ “ಕಣ್ಣಿಂದು” ಎನ್ನುತ್ತಾಳೆ, ನೀರು ಗಿಡಕ್ಕೆ ಬೀಳುತ್ತದೆ, ನಾವು ಮುಂದೆ ನಡೆಯುತ್ತೇವೆ.